ಒಂದು ದ್ರಾಕ್ಷಿ, ಹಲವು ಕೈ

ಕಸುಬು ಹೋಗಿ ಹೆಸರು ಮಾತ್ರ ಉಳಿದ ಜಾಗಗಳು ಪ್ರತಿ ಊರಿನಲ್ಲೂ ಇರುತ್ತವೆ. ಬೆಂಗಳೂರಿನ ದೊಮ್ಮಲೂರನ್ನು ಸೀಳಿಕೊಂಡು ಹೋಗುವ ‘ಹಳೆಯ ವಿಮಾನ ನಿಲ್ದಾಣ ರಸ್ತೆ’ ಅಂಥದೊಂದು. 2008ರ ಮೇ ತಿಂಗಳವರೆಗೆ ಬೆಂಗಳೂರಿಗೆ ಹಾರಿ ಬಂದವರು ಎಚ್.ಎ.ಎಲ್. ನಿಲ್ದಾಣದಲ್ಲಿ ಇಳಿದು, ಟ್ಯಾಕ್ಸಿಯನ್ನೋ ಆಟೋವನ್ನೋ ಹಿಡಿದು, ಬಹುಮಟ್ಟಿಗೆ ದೊಮ್ಮಲೂರನ್ನು ದಾಟಿಯೇ ನಗರದೊಳಕ್ಕೆ ಬರಬೇಕಿತ್ತು. ಮಂತ್ರಿಗಳು, ಸಿನಿಮಾ ನಟರು, ಕ್ರಿಕೆಟ್ ಆಟಗಾರರು, ಕಂಪ್ಯೂಟರ್ ಕಂಪನಿಗಳ ಯಜಮಾನರು ಎಲ್ಲರೂ ಈ ದಾರಿಯಲ್ಲೇ ಹೋದವರು. ಅವರ ನಡುವೆ ಯಾರ ಕಣ್ಣಿಗೂ ಬೀಳದೆ ಹಾದುಹೋದ ಇನ್ನೊಂದು ಬಗೆಯ ಅತಿಥಿಗಳೂ ಇದ್ದರು. ಅವರು ದೂರದ ಫ್ರಾನ್ಸಿನಿಂದ ಬರುತ್ತಿದ್ದ ದ್ರಾಕ್ಷಾರಸ ತಜ್ಞರು. ಅವರು ಹೋಗಬೇಕಾಗಿದ್ದದ್ದು ನಂದಿಬೆಟ್ಟದ ಬುಡದಲ್ಲಿರುವ ದೊಡ್ಡಬಳ್ಳಾಪುರಕ್ಕೆ.

ದೊಮ್ಮಲೂರು ಇಂದು ನೆನ್ನೆಯ ಊರಲ್ಲ. ಇಲ್ಲಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ 13ನೆಯ ಶತಮಾನದ ತಮಿಳು ಶಾಸನಗಳಿವೆ. ಅವುಗಳಲ್ಲಿ ಊರಿನ ಹೆಸರು ‘ತೊಂಬಲೂರು’ ಎಂದಿದೆ. ಹೊಯ್ಸಳರು ಬಂದರು, ವಿಜಯನಗರದವರು ಬಂದರು, ಆಮೇಲೆ ಪಕ್ಕದಲ್ಲೇ ಇಂಗ್ಲಿಷರ ದಂಡು ಬೀಡುಬಿಟ್ಟಿತು. ಹಲಸೂರು, ಶಿವಾಜಿನಗರ, ದೊಮ್ಮಲೂರು ಸೇರಿದ ಈ ಪೂರ್ವ ಭಾಗದಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಇಂಗ್ಲಿಷ್ ಎಲ್ಲವೂ ಒಂದೇ ಬೀದಿಯಲ್ಲಿ ಕೇಳಿಸುತ್ತವೆ. ದೇವರ ಮುಂದೆ ಇಡುವ ಪದಾರ್ಥಗಳೂ ಹಾಗೆಯೇ ಬಗೆಬಗೆಯವು. ದ್ರಾಕ್ಷಿಯ ಕತೆಯನ್ನು ಇಲ್ಲಿಂದ ಆರಂಭಿಸುವುದಕ್ಕೆ ಅದೂ ಒಂದು ಕಾರಣ.

ಭರಣಿಯೊಳಗಿನ ವಿದ್ಯೆ

ಡಿಸೆಂಬರ್ ಬರುವ ಮೊದಲೇ ದಂಡು ಪ್ರದೇಶದ ಅನೇಕ ಕ್ರೈಸ್ತ ಮನೆಗಳಲ್ಲಿ ಪಿಂಗಾಣಿ ಭರಣಿಗಳು ಅಟ್ಟದಿಂದ ಇಳಿಯುತ್ತವೆ. ರಸೆಲ್ ಮಾರುಕಟ್ಟೆಯಿಂದ ಕಪ್ಪು ದ್ರಾಕ್ಷಿ ತಂದು, ತೊಳೆದು, ಒರೆಸಿ, ಹಿಸುಕಿ, ಸಕ್ಕರೆ, ಯೀಸ್ಟ್, ಚಕ್ಕೆ, ಲವಂಗ ಸೇರಿಸಿ ಬಾಯಿಗೆ ಬಟ್ಟೆ ಕಟ್ಟುತ್ತಾರೆ. ದಿನಕ್ಕೊಮ್ಮೆ ಮರದ ಸೌಟಿನಿಂದ ಕಲಕಬೇಕು. ಸುಮಾರು ಮೂರು ವಾರ ಕಳೆದ ಮೇಲೆ ಸೋಸಿಟ್ಟರೆ ಕ್ರಿಸ್‌ಮಸ್ ಹೊತ್ತಿಗೆ ಕೇಕಿನ ಜೊತೆ ಒಂದೊಂದು ಪುಟ್ಟ ಲೋಟ. ಅಳತೆಯನ್ನು ಎಲ್ಲೂ ಬರೆದಿಟ್ಟಿರುವುದಿಲ್ಲ. ಅಜ್ಜಿಯಿಂದ ಸೊಸೆಗೆ, ಸೊಸೆಯಿಂದ ಮೊಮ್ಮಗಳಿಗೆ ಕೈಯಿಂದ ಕೈಗೆ ದಾಟಿದ ವಿದ್ಯೆ ಇದು.

ಇಗರ್ಜಿಯ ಬಲಿಪೂಜೆಗೆ ಬೇಕಾದ ವೈನಿನ ನಿಯಮ ಇನ್ನೂ ಬಿಗಿ. ಅದು ದ್ರಾಕ್ಷಿಯ ಹಣ್ಣಿನಿಂದಲೇ ಸಹಜವಾಗಿ ಆಗಿರಬೇಕು, ಕೆಟ್ಟಿರಬಾರದು ಎನ್ನುತ್ತದೆ ಕ್ಯಾಥೊಲಿಕ್ ಧರ್ಮನಿಯಮ. ಮೂರನೆಯದು ಯಹೂದಿಗಳದು. ಬೆಂಗಳೂರಿನಲ್ಲಿ ಅವರ ಸಂಖ್ಯೆ ಎಂದೂ ಬೆರಳೆಣಿಕೆಗಿಂತ ಹೆಚ್ಚೇನೂ ಆಗಲಿಲ್ಲ. ಆದರೂ 20ನೆಯ ಶತಮಾನದ ಮೊದಲ ಭಾಗದಲ್ಲಿ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ರೂಬೆನ್ ಮೋಸೆಸ್ ಅವರ ಅಂಗಡಿ ಹೆಸರುವಾಸಿಯಾಗಿತ್ತು. ಮೈಸೂರು ರಸ್ತೆಯ ಕಡೆ ಯಹೂದಿಗಳದೇ ಒಂದು ಪುಟ್ಟ ಸ್ಮಶಾನವೂ ಇದೆ. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಅವರ ಸಬ್ಬತ್ ದಿನ ಆರಂಭ. ಮನೆಯ ಹಿರಿಯರು ದ್ರಾಕ್ಷಾರಸದ ಬಟ್ಟಲು ಹಿಡಿದು ‘ಕಿದ್ದೂಶ್’ ಎಂಬ ಪ್ರಾರ್ಥನೆ ಹೇಳುತ್ತಾರೆ.

ಆ ರಸ ಎಲ್ಲಿಂದ ಬರಬೇಕು? ಅಂಗಡಿಯಲ್ಲಿ ಸಿಗುವ ವೈನ್ ಅವರಿಗೆ ಆಗದು. ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳು ಇದಕ್ಕೊಂದು ಸರಳ ಉಪಾಯ ಕಂಡುಕೊಂಡಿದ್ದಾರೆ. ಕಪ್ಪು ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿ, ಕಿವುಚಿ, ಸೋಸಿ ಶರಬತ್ತು ಮಾಡುತ್ತಾರೆ. ಅಮಲಿಲ್ಲದ ಆ ಶರಬತ್ತೇ ಅವರ ಪವಿತ್ರ ಪಾನ.

ಅಂಗಡಿಯ ವೈನ್ ಏಕಾಗದು? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ಒಂದು ವಿಚಿತ್ರ ಕಸುಬಿನ ಪರಿಚಯವಾಗುತ್ತದೆ.

ಕಲಿಸಬಹುದು, ಮುಟ್ಟುವಂತಿಲ್ಲ

‘ಕೋಷರ್’ ಎಂಬ ಹೀಬ್ರೂ ಮಾತಿಗೆ ‘ಯೋಗ್ಯವಾದದ್ದು’ ಎಂದರ್ಥ. ಯಾವ ಆಹಾರ ಯೋಗ್ಯ, ಯಾವುದಲ್ಲ ಎಂದು ಯಹೂದಿ ಧರ್ಮಶಾಸ್ತ್ರ ವಿವರವಾಗಿ ಹೇಳುತ್ತದೆ. ವೈನ್ ವಿಷಯದಲ್ಲಂತೂ ಅದು ಪದಾರ್ಥವನ್ನಷ್ಟೇ ನೋಡಿ ಸುಮ್ಮನಾಗುವುದಿಲ್ಲ, ಮಾಡಿದ ಕೈಯನ್ನೂ ನೋಡುತ್ತದೆ. ದ್ರಾಕ್ಷಿಯನ್ನು ಹಿಂಡಿದ ಗಳಿಗೆಯಿಂದ ಸೀಸೆಗೆ ಬಿರಡೆ ಬೀಳುವವರೆಗೆ ಸಬ್ಬತ್ ಆಚರಿಸುವ ಯಹೂದಿಗಳು ಮಾತ್ರ ಆ ರಸವನ್ನು ಮುಟ್ಟಬೇಕು. ಪ್ರಾಚೀನ ಕಾಲದಲ್ಲಿ ವೈನನ್ನು ಅನ್ಯ ದೇವತೆಗಳಿಗೆ ನೈವೇದ್ಯ ಮಾಡುವ ರೂಢಿಯಿತ್ತು. ಹಾಗೆ ಅರ್ಪಿತವಾದದ್ದು ತಮ್ಮ ಬಟ್ಟಲಿಗೆ ಬರಬಾರದೆಂಬ ಎಚ್ಚರದಿಂದ ಹುಟ್ಟಿದ ಕಟ್ಟಳೆ ಇದು. ಮಡಿಯುಟ್ಟು ಅಡುಗೆ ಮಾಡುವ ಅಜ್ಜಿಯನ್ನು ಕಂಡಿರುವ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಜೊತೆ ಇನ್ನೂ ಕೆಲವು ನಿಯಮಗಳಿವೆ. ಬಳ್ಳಿ ನೆಟ್ಟ ಮೊದಲ ಮೂರು ವರ್ಷದ ಹಣ್ಣನ್ನು ಬಳಸುವಂತಿಲ್ಲ. ಇಸ್ರೇಲಿನ ನೆಲದಲ್ಲಾದರೆ ಪ್ರತಿ ಏಳನೆಯ ವರ್ಷ ಭೂಮಿಗೆ ವಿಶ್ರಾಂತಿ ಕೊಡಬೇಕು. ವೈನನ್ನು ತಿಳಿಗೊಳಿಸಲು ನಿಷಿದ್ಧ ಪ್ರಾಣಿಗಳಿಂದ ಬಂದ ವಸ್ತುಗಳನ್ನು ಹಾಕಬಾರದು. ಒಂದು ರಿಯಾಯಿತಿಯೂ ಉಂಟು. ವೈನನ್ನು ಒಮ್ಮೆ ಬಿಸಿ ಮಾಡಿದರೆ ಅದು ‘ಮೆವುಶಾಲ್’ ಎನಿಸಿಕೊಳ್ಳುತ್ತದೆ. ಆಮೇಲೆ ಅದನ್ನು ಯಾರು ಬಡಿಸಿದರೂ ದೋಷವಿಲ್ಲ. ಹಿಂದೆ ಕುದಿಸಿ ರುಚಿ ಕೆಡಿಸುತ್ತಿದ್ದರು. ಈಗ ಯಂತ್ರದಲ್ಲಿ ಕೆಲವೇ ಕ್ಷಣ ಕಾಯಿಸಿ ಕೂಡಲೇ ತಣಿಸುತ್ತಾರೆ.

ಈಗ ಒಂದು ಪೇಚು ನೋಡಿ. ವೈನ್ ಮಾಡುವ ಶಾಸ್ತ್ರವನ್ನು ವಿಶ್ವವಿದ್ಯಾಲಯದಲ್ಲಿ ಕಲಿತ ತಜ್ಞ ಯಹೂದಿಯಾಗಿರದಿದ್ದರೆ, ಅಥವಾ ಯಹೂದಿಯಾಗಿದ್ದೂ ಸಬ್ಬತ್ ಪಾಲಿಸದವನಾಗಿದ್ದರೆ? ಕೋಷರ್ ವೈನರಿಯಲ್ಲಿ ಅವನು ಮುಖ್ಯಸ್ಥನಾಗಬಹುದು. ಯಾವ ತೋಟದ ಹಣ್ಣು, ಯಾವ ದಿನ ಕೊಯ್ಲು, ಎಷ್ಟು ಶಾಖ, ಯಾವ ಪೀಪಾಯಿ ಎಂಬುದನ್ನೆಲ್ಲ ಅವನೇ ನಿರ್ಧರಿಸಬಹುದು. ಆದರೆ ತಾನೇ ನಲ್ಲಿ ತಿರುಗಿಸುವಂತಿಲ್ಲ, ಪೀಪಾಯಿಗೆ ಕೈ ಹಾಕುವಂತಿಲ್ಲ. ಸಬ್ಬತ್ ಪಾಲಿಸುವ ಕೆಲಸಗಾರ ಲೋಟಕ್ಕೆ ಬಗ್ಗಿಸಿ ಕೊಟ್ಟರೆ ರುಚಿ ನೋಡಿ ಹೇಳಬೇಕು. ಜಗತ್ತಿನ ಹಲವು ಕೋಷರ್ ವೈನರಿಗಳು ಹೀಗೆಯೇ ನಡೆಯುತ್ತಿವೆ. ತನ್ನ ವಿದ್ಯೆಯನ್ನು ಇನ್ನೊಬ್ಬರ ಕೈಗೆ ಇಳಿಸಲು ಬಾರದವನಿಗೆ ಅಲ್ಲಿ ಕೆಲಸವಿಲ್ಲ. ತಿಳಿದವನು ಗುರುವೂ ಆಗಲೇಬೇಕು.

ಸಿಹಿಯಿಂದ ಒಗರಿಗೆ

ಹೀಗೆ ಬಂದುಹೋದ ಗುರುಗಳು ಒಂದು ಸಂಪ್ರದಾಯದ ರುಚಿಯನ್ನೇ ಬದಲಾಯಿಸಿದ ಉದಾಹರಣೆ ಇದೆ. ಪೂರ್ವ ಯೂರೋಪಿನಿಂದ ಅಮೆರಿಕದ ನ್ಯೂಯಾರ್ಕಿಗೆ ವಲಸೆ ಬಂದ ಯಹೂದಿಗಳಿಗೆ ಅಲ್ಲಿ ಸುಲಭವಾಗಿ ಸಿಕ್ಕಿದ್ದು ‘ಕಾಂಕಾರ್ಡ್’ ಎಂಬ ಕಪ್ಪು ದ್ರಾಕ್ಷಿ. ಇದನ್ನು 1849ರಲ್ಲಿ ಮ್ಯಾಸಚೂಸೆಟ್ಸ್‌ನ ಕಾಂಕಾರ್ಡ್ ಊರಿನಲ್ಲಿ ಎಫ್ರೇಮ್ ಬುಲ್ ಎಂಬಾತ ಬೆಳೆಸಿದ್ದ. ಅಮೆರಿಕದ ಕಾಡುದ್ರಾಕ್ಷಿ ‘ಲಬ್ರುಸ್ಕಾ’ದ ವಂಶ ಅದು. ಅದರ ವೈನ್ ಹುಳಿ, ವಾಸನೆಯೂ ಗಾಢ. ಅದನ್ನು ಮರೆಸಲು ಧಾರಾಳವಾಗಿ ಸಕ್ಕರೆ ಸುರಿದರು. ಹೀಗಾಗಿ ಅಮೆರಿಕದಲ್ಲಿ ಕೋಷರ್ ವೈನ್ ಎಂದರೆ ಪಾನಕದಂಥ ಸಿಹಿ ಎಂಬ ಮಾತು ನಿಂತುಹೋಯಿತು. ಶಾಸ್ತ್ರದಲ್ಲಿ ಸಿಹಿ ಇರಬೇಕೆಂದು ಎಲ್ಲೂ ಇಲ್ಲ. ಅನಿವಾರ್ಯತೆ ಅಭ್ಯಾಸವಾಯಿತು, ಅಭ್ಯಾಸ ಸಂಪ್ರದಾಯವೆನಿಸಿಕೊಂಡಿತು.

ಇನ್ನೊಂದು ಕಡೆ, 1882ರಲ್ಲಿ ಪ್ಯಾಲಸ್ತೀನಿನಲ್ಲಿ ನೆಲೆಯೂರಿದ ಯಹೂದಿ ರೈತರಿಗೆ ಪ್ಯಾರಿಸ್ಸಿನ ಶ್ರೀಮಂತ ಎಡ್ಮಂಡ್ ಡಿ ರೋಥ್‌ಶೀಲ್ಡ್ ಫ್ರೆಂಚ್ ಬಳ್ಳಿಗಳನ್ನೂ ಫ್ರೆಂಚ್ ತಜ್ಞರನ್ನೂ ಕಳಿಸಿಕೊಟ್ಟ. ಅದರಿಂದ ‘ಕಾರ್ಮೆಲ್’ ವೈನರಿ ಬೆಳೆಯಿತು. ಆದರೆ ನಿಜವಾದ ತಿರುವು ಬಂದದ್ದು ಸುಮಾರು ಒಂದು ಶತಮಾನದ ಮೇಲೆ. 1972ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಪ್ರಾಧ್ಯಾಪಕ ಕಾರ್ನೀಲಿಯಸ್ ಓ ಇಸ್ರೇಲಿಗೆ ಬಂದರು. 1967ರ ಯುದ್ಧದಲ್ಲಿ ಇಸ್ರೇಲ್ ವಶಪಡಿಸಿಕೊಂಡಿದ್ದ ಗೋಲನ್ ಪ್ರಸ್ಥಭೂಮಿಯ ಎತ್ತರವೂ ತಂಪೂ ದ್ರಾಕ್ಷಿಗೆ ಹೇಳಿಮಾಡಿಸಿದಂತಿದೆ ಎಂದರು. 1983ರಲ್ಲಿ ಅಲ್ಲೊಂದು ವೈನರಿ ಎದ್ದಿತು. ಆರಂಭದ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಪೀಟರ್ ಸ್ಟರ್ನ್ ಸಲಹೆಗಾರರಾಗಿದ್ದರು. 1990ರ ದಶಕದ ಆರಂಭದಲ್ಲಿ ಡೇವಿಸ್‌ನಲ್ಲೇ ಓದಿದ ವಿಕ್ಟರ್ ಶೋನ್‌ಫೆಲ್ಡ್ ಹೊಣೆ ಹೊತ್ತು ದಶಕಗಳ ಕಾಲ ನಡೆಸಿದರು. ಕಟ್ಟಳೆಯ ಒಂದಕ್ಷರವೂ ಬದಲಾಗಲಿಲ್ಲ, ಆದರೆ ಬಟ್ಟಲಿನ ರುಚಿ ಬದಲಾಯಿತು. ಕೋಷರ್ ವೈನ್ ಕೂಡ ಒಗರಾಗಿ, ಹದವಾಗಿ, ಜಗತ್ತಿನ ಯಾವ ವೈನಿನ ಪಕ್ಕದಲ್ಲಾದರೂ ಕೂರಬಹುದೆಂದು ತೋರಿತು.

ಈ ದೂರದ ಕತೆಗೂ ನಮಗೂ ಏನು ನಂಟು? ದಂಡಿನ ಭರಣಿಗಳಿಗೆ ಬೀಳುವ ‘ಬೆಂಗಳೂರು ನೀಲಿ’ ದ್ರಾಕ್ಷಿಯೂ ಅದೇ ಲಬ್ರುಸ್ಕಾ ಬಳಗದ್ದು. ಕಾಂಕಾರ್ಡಿಗೆ ದಾಯಾದಿ ಎನ್ನಬಹುದು. ದ್ರಾಕ್ಷಿ ಪೆಪ್ಪರಮಿಂಟಿನ ಪರಿಮಳಕ್ಕೆ ಕಾರಣವಾದ ಮೀಥೈಲ್ ಆಂಥ್ರನಿಲೇಟ್ ಎಂಬ ರಾಸಾಯನಿಕ ಕಾಂಕಾರ್ಡಿನಲ್ಲಿ ಸಹಜವಾಗಿಯೇ ಇದೆ. ನಮ್ಮ ನೀಲಿಯದೂ ಅದೇ ಜಾತಿಯ ಘಾಟು. ನ್ಯೂಯಾರ್ಕಿನ ಯಹೂದಿ ಗೃಹಿಣಿಯಂತೆ ದಂಡಿನ ಅಜ್ಜಿಯೂ ಕೈತುಂಬ ಸಕ್ಕರೆ ಹಾಕಿದ್ದು ಇದಕ್ಕೇ. ಅಲ್ಲಿ ತಜ್ಞರು ಬಂದು ದಾರಿ ಬದಲಿಸಿದಂತೆ ಇಲ್ಲಿಯೂ ಬಂದರು. ಅವರನ್ನು ಹಿಂಬಾಲಿಸಬೇಕಾದರೆ ದೊಮ್ಮಲೂರಿನಿಂದ ಉತ್ತರಕ್ಕೆ ಹೊರಡಬೇಕು.

ನಂದಿಯ ತಪ್ಪಲಲ್ಲಿ

ದೊಮ್ಮಲೂರು ಬಿಟ್ಟು ಇಂದಿರಾನಗರ, ಹೆಬ್ಬಾಳ, ಯಲಹಂಕ, ರಾಜಾನುಕುಂಟೆ ದಾಟಿದರೆ ದೊಡ್ಡಬಳ್ಳಾಪುರ. ದಾರಿ ಸುಮಾರು 50 ಕಿ.ಮೀ. ರೇಷ್ಮೆ ಮಗ್ಗಗಳ ಸದ್ದಿಗೆ ಹೆಸರಾದ ಊರು. ಅಲ್ಲಿಂದ ದೇವನಹಳ್ಳಿ ಕಡೆಗೆ ತಿರುಗಿದರೆ ರಘುನಾಥಪುರ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಕೆಂಪು ನೆಲ. ಹಗಲು ಬಿಸಿಲು ಸುಟ್ಟರೂ ರಾತ್ರಿ ನಂದಿಯ ಕಡೆಯಿಂದ ತಂಪು ಇಳಿಯುತ್ತದೆ. ಈ ಏರಿಳಿತವೇ ಹಣ್ಣಿನಲ್ಲಿ ಸಕ್ಕರೆಯ ಜೊತೆ ಹುಳಿಯನ್ನೂ ಉಳಿಸುತ್ತದೆ.

ಇಲ್ಲಿಗೆ ಫ್ರೆಂಚ್ ಬಳ್ಳಿ ತಂದವರು ಕನ್ವಲ್ ಗ್ರೋವರ್ ಎಂಬ ಮುಂಬಯಿಯ ಉದ್ಯಮಿ. ವ್ಯವಹಾರದ ನಿಮಿತ್ತ ಫ್ರಾನ್ಸಿಗೆ ಹೋಗಿ ಬರುತ್ತಿದ್ದ ಅವರಿಗೆ ಭಾರತದಲ್ಲಿ ಒಳ್ಳೆಯ ವೈನ್ ಏಕಾಗದು ಎಂಬ ಹಟ ಹುಟ್ಟಿತು. ಷಾಂಪೇನ್ ಪ್ರಾಂತ್ಯದ ಬೂಜಿ ಎಂಬ ಹಳ್ಳಿಯ ಜಾರ್ಜ್ ವೆಸೆಲ್ ಅವರನ್ನು ಕರೆತಂದರು. ವರ್ಷಗಟ್ಟಲೆ ನೆಲ ಪರೀಕ್ಷೆ ನಡೆಯಿತು. ಹಲವಾರು ಫ್ರೆಂಚ್ ತಳಿಗಳನ್ನು ನೆಟ್ಟು, ಒಗ್ಗದವನ್ನು ಕಿತ್ತು, ಒಗ್ಗಿದವನ್ನು ಉಳಿಸಿಕೊಂಡರು. 1988ರ ಹೊತ್ತಿಗೆ ತೋಟ ಸಿದ್ಧವಾಯಿತು, 1992ರಲ್ಲಿ ಮೊದಲ ವೈನ್ ಹೊರಬಂತು. ಬಿತ್ತನೆಯಿಂದ ಬಟ್ಟಲಿಗೆ ಇಷ್ಟು ತಾಳ್ಮೆ ಬೇಡುವ ಬೆಳೆ ಕಡಿಮೆ.

ಫ್ರಾನ್ಸಿನ ಪುಸ್ತಕವನ್ನು ಇಲ್ಲಿ ಹಾಗೆಯೇ ಓದಿದರೆ ನಡೆಯದು. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ವಸಂತಕ್ಕೆ ತಾನೇ ಏಳುತ್ತದೆ. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಆದ್ದರಿಂದ ವರ್ಷಕ್ಕೆ ಎರಡು ಬಾರಿ ಕತ್ತರಿ ಹಾಕುತ್ತಾರೆ. ಬೇಸಿಗೆಯಲ್ಲಿ ಸವರುವುದು ಬಳ್ಳಿ ಹೊಸ ರೆಂಬೆ ಬಿಡಲಿ ಎಂದು. ಮಳೆಗಾಲ ಮುಗಿಯುವಾಗ ಸವರುವುದು ಹೂ-ಕಾಯಿಗಾಗಿ. ಅಲ್ಲಿ ಕೊಯ್ಲು ಸೆಪ್ಟೆಂಬರಿನ ಆಸುಪಾಸು. ಇಲ್ಲಿ ಮಳೆಯ ಕಾಟವಿಲ್ಲದ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ. ಹಿಂಡಿದ ರಸವನ್ನು ನಮ್ಮ ಬಿಸಿಲಿಗೆ ಬಿಟ್ಟರೆ ಯೀಸ್ಟ್ ಹುಚ್ಚೆದ್ದು ಕುಣಿದು ಪರಿಮಳವೆಲ್ಲ ಹಾರಿಹೋಗುತ್ತದೆ. ಅದಕ್ಕಾಗಿ ಉಕ್ಕಿನ ತೊಟ್ಟಿಗಳನ್ನು ತಂಪಾಗಿಡಬೇಕು. ದ್ರಾಕ್ಷಿಯ ಸಕ್ಕರೆಯನ್ನು ತಿಂದು ಯೀಸ್ಟ್ ಆಲ್ಕೊಹಾಲನ್ನೂ ಇಂಗಾಲದ ಡೈ ಆಕ್ಸೈಡನ್ನೂ ಬಿಡುತ್ತದೆ ಎಂದು ಶಾಲೆಯಲ್ಲಿ ಓದುವ ಒಂದು ಸಾಲಿನ ಪಾಠ ಇಲ್ಲಿ ಹಗಲು-ರಾತ್ರಿಯ ಕಾವಲಾಗುತ್ತದೆ.

1990ರ ದಶಕದ ನಡುವೆ ಮಿಷೆಲ್ ರೋಲಾನ್ ಸಲಹೆಗಾರರಾಗಿ ಬಂದರು. ಬೋರ್ಡೋ ಸೀಮೆಯ ಈತ ಹತ್ತಾರು ದೇಶಗಳ ವೈನರಿಗಳಿಗೆ ಹಾರಾಡಿಕೊಂಡೇ ಬುದ್ಧಿ ಹೇಳಿದವರು. ಹಣ್ಣು ಪೂರ್ತಿ ಮಾಗುವವರೆಗೆ ಕಾಯುವುದು, ಬೇರೆ ಬೇರೆ ತೊಟ್ಟಿಗಳ ರಸವನ್ನು ಯಾವ ಪ್ರಮಾಣದಲ್ಲಿ ಬೆರೆಸುವುದು, ಓಕ್ ಮರದ ಪೀಪಾಯಿಯಲ್ಲಿ ಎಷ್ಟು ಕಾಲ ಇಡುವುದು, ಇವು ಅವರ ಪಾಠಗಳು. ಕ್ಯಾಬರ್ನೇ ಮತ್ತು ಶಿರಾಜ್ ತಳಿಗಳನ್ನು ಬೆರೆಸಿದ ‘ಲಾ ರಿಸರ್ವ್’ ಎಂಬ ಕೆಂಪು ವೈನ್ ಆ ಪಾಠದ ಫಲ. 2005ರಲ್ಲಿ ಲಂಡನ್ನಿನ ‘ಡಿಕ್ಯಾಂಟರ್’ ಪತ್ರಿಕೆ ಅದನ್ನು ಮೆಚ್ಚಿಕೊಂಡಿತು.

ಆದರೆ ಸಲಹೆಗಾರ ವರ್ಷಕ್ಕೆ ಎಷ್ಟು ದಿನ ಇದ್ದಾನು? ದೊಮ್ಮಲೂರಿನ ದಾರಿಯಲ್ಲಿ ಬಂದವರು ಅದೇ ದಾರಿಯಲ್ಲಿ ಮರಳಿ ವಿಮಾನ ಹತ್ತುತ್ತಿದ್ದರು. ಅವರು ಹೋದ ಮೇಲೆ ತೊಟ್ಟಿಯ ಶಾಖ ನೋಡುವವರು, ನಡುರಾತ್ರಿ ವಿದ್ಯುತ್ ಕೈಕೊಟ್ಟಾಗ ಓಡುವವರು, ಗೊಂಚಲನ್ನು ಆರಿಸಿ ಕತ್ತರಿಸುವವರು ಇಲ್ಲಿಯವರೇ. ಆ ದಿನಗಳಲ್ಲಿ ನಿತ್ಯದ ಹೊಣೆ ಹೊತ್ತವರು ಅಭಯ್ ಕೇವಡ್ಕರ್. ಇಲ್ಲಿ ಪಳಗಿದ ಅವರು ಮುಂದೆ ಮಹಾರಾಷ್ಟ್ರದ ಬಾರಾಮತಿ ಬಳಿಯ ‘ಫೋರ್ ಸೀಸನ್ಸ್’ ವೈನರಿಯನ್ನು ಕಟ್ಟಿ ನಿಲ್ಲಿಸಲು ಹೋದರು. ಆಮೇಲೆ ಮನೆತನದ ಮೂರನೆಯ ತಲೆಮಾರಿನ ಕರಿಷ್ಮಾ ಗ್ರೋವರ್ ವೈನ್ ಶಾಸ್ತ್ರ ಓದಿ ಬಂದರು. ಓದಿದ್ದು ಎಲ್ಲಿ ಗೊತ್ತೇ? ಗೋಲನ್‌ಗೆ ದಾರಿ ತೋರಿದ ಅದೇ ಡೇವಿಸ್‌ನಲ್ಲಿ. 2012ರಲ್ಲಿ ನಾಸಿಕ್‌ನ ವೈನರಿಯೊಂದರ ಜೊತೆ ಕೂಡಿಕೊಂಡು ಸಂಸ್ಥೆಯ ಹೆಸರು ‘ಗ್ರೋವರ್ ಜಂಪಾ’ ಆಯಿತು.

ಒಬ್ಬರು ಆಸೆಯನ್ನು ತಂದರು, ಒಬ್ಬರು ತಳಿ ಆರಿಸಿದರು, ಒಬ್ಬರು ಹದ ಕಲಿಸಿದರು, ಒಬ್ಬರು ದಿನವೂ ಕಾವಲಿದ್ದರು, ಒಬ್ಬರು ಮುಂದುವರಿಸಿದರು. ಕೋಷರ್ ಕಟ್ಟಳೆ ಬಾಯಿಬಿಟ್ಟು ಹೇಳುವ ಮಾತನ್ನು ಇಲ್ಲಿ ಯಾರೂ ಹೇಳದೆಯೇ ಕಾಣಬಹುದು. ಬುದ್ಧಿ ಹೇಳಿದವರ ಕೈ ಬೇರೆ, ಮಾಡಿದ ಕೈ ಬೇರೆ. ಎರಡರ ನಡುವೆ ವಿದ್ಯೆ ದಾಟಿದ್ದರಿಂದಲೇ ಮನೆ ನಿಂತಿದೆ.

ನಿಲ್ದಾಣ ಹೋಯಿತು, ನಗರ ಬಂತು

ದೊಮ್ಮಲೂರಿನ ಪಕ್ಕದಿಂದ ವಿಮಾನಗಳು ಹೊರಟುಹೋದದ್ದು ಎಲ್ಲಿಗೆ? ದೇವನಹಳ್ಳಿಗೆ, ಎಂದರೆ ದ್ರಾಕ್ಷಿಯ ಸೀಮೆಗೇ. ಸುಮಾರು 4,000 ಎಕರೆಯಲ್ಲಿ ಹರಡಿದ ಹೊಸ ನಿಲ್ದಾಣ ಬಂದ ಮೇಲೆ ಸುತ್ತಲಿನ ನೆಲಕ್ಕೆ ಚಿನ್ನದ ಬೆಲೆ ಬಂತು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಚಪ್ಪರ ಹಾಕಿ ನೀಲಿ ದ್ರಾಕ್ಷಿ ಬೆಳೆಯುವ ರೈತನ ಮುಂದೆ ಎರಡು ದಾರಿ. ಆಳಕ್ಕಿಳಿದ ಕೊಳವೆ ಬಾವಿಯನ್ನು ನಂಬಿ ಬಳ್ಳಿ ಉಳಿಸಿಕೊಳ್ಳುವುದು, ಇಲ್ಲವೇ ನಿವೇಶನಕ್ಕೆ ಕೊಟ್ಟುಬಿಡುವುದು. ದೊಮ್ಮಲೂರಿನ ಹೊಲಗಳೂ ಕೆರೆಯಂಗಳವೂ ಹಿಂದೆಯೇ ಬಡಾವಣೆಗಳಾಗಿ ಕರಗಿದವು. ಮುಂದಿನದನ್ನು ಊಹಿಸುವುದು ಕಷ್ಟವಲ್ಲ.

ಪ್ರಯತ್ನಗಳು ನಡೆದಿಲ್ಲವೆಂದಲ್ಲ. 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು. 2013ರಲ್ಲಿ ಬೆಂಗಳೂರು ನೀಲಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ದೊಡ್ಡಬಳ್ಳಾಪುರದ ದಾರಿಗೆ ಬಹು ದೂರವಲ್ಲದ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದೇ ನೀಲಿಯನ್ನು ಬೇರೆ ತಳಿಗಳ ಜೊತೆ ಕೂಡಿಸಿ ‘ಅರ್ಕಾ ಶ್ಯಾಮ್’, ‘ಅರ್ಕಾ ತೃಷ್ಣಾ’ಗಳನ್ನು ರೂಪಿಸಿದ್ದಾರೆ. ಫ್ರೆಂಚ್ ಬಳ್ಳಿಗೆ ಫ್ರೆಂಚ್ ಗುರು ಸಿಕ್ಕ. ನಾಡಿನಲ್ಲಿ ನೆಲೆಯೂರಿದ ಈ ಬಳ್ಳಿಗೆ ಸಕ್ಕರೆಯ ಹಂಗಿಲ್ಲದ ಹದ ಕಂಡುಹಿಡಿಯುವವರು ಇಲ್ಲಿಯ ಮಕ್ಕಳೇ ಆಗಬೇಕು.

ವಿದ್ಯಾರ್ಥಿಗಳ ಮುಂದೆ ವೈನಿನ ಮಾತು ಏಕೆ ಎಂದು ತಂದೆತಾಯಂದಿರು ಹುಬ್ಬೇರಿಸಬಹುದು. ಇದು ಕುಡಿಯುವುದರ ಹೊಗಳಿಕೆಯಲ್ಲ. ಬಳ್ಳಿ ಸವರುವುದರಲ್ಲಿ ಸಸ್ಯಶಾಸ್ತ್ರವಿದೆ, ತೊಟ್ಟಿಯಲ್ಲಿ ರಸಾಯನಶಾಸ್ತ್ರವಿದೆ, ಮಣ್ಣಿನಲ್ಲಿ ಭೂವಿಜ್ಞಾನವಿದೆ. ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಬಿಟ್ಟರೆ ಓದೇ ಇಲ್ಲವೆನ್ನುವ ಮನೆಗಳಲ್ಲಿ ತೋಟಗಾರಿಕೆಯ ಪದವಿ, ಆಹಾರ ವಿಜ್ಞಾನದ ಪದವಿ ಎಂಬ ಮಾತೂ ಒಮ್ಮೆ ಬರಲಿ. ಫೆಬ್ರುವರಿಯ ಒಂದು ಭಾನುವಾರ ನಂದಿಬೆಟ್ಟಕ್ಕೆ ಹೊರಟವರು ಭೋಗನಂದೀಶ್ವರನನ್ನು ನೋಡಿಕೊಂಡು, ದಾರಿಯಲ್ಲಿ ಯಾವುದಾದರೂ ದ್ರಾಕ್ಷಿ ತೋಟದ ಮಾಲೀಕರ ಅನುಮತಿ ಕೇಳಿ ಚಪ್ಪರದ ಕೆಳಗೆ ಐದು ನಿಮಿಷ ನಿಂತು ಬಂದರೆ, ಪುಸ್ತಕದ ಎಷ್ಟೋ ಪಾಠಗಳು ಕಣ್ಣಿಗೆ ಕಾಣುತ್ತವೆ.

ಬಳ್ಳಿ ನೆಟ್ಟ ಮೊದಲ ಮೂರು ವರ್ಷ ಹಣ್ಣಿಗೆ ಕೈ ಹಾಕಬಾರದು ಎನ್ನುತ್ತದೆ ಆ ಹಳೆಯ ಶಾಸ್ತ್ರ. ನಾಲ್ಕನೆಯ ವರ್ಷಕ್ಕೆ ತೋಟವೇ ನಿವೇಶನವಾಗಿದ್ದರೆ ಕಾದದ್ದೂ ವ್ಯರ್ಥ, ಕಲಿತದ್ದೂ ವ್ಯರ್ಥ. ದೇವನಹಳ್ಳಿಯ ಸುತ್ತ ಇನ್ನೂ ಹಸಿರಾಗಿರುವ ಚಪ್ಪರಗಳಿಗೆ ಈಗ ಬೇಕಾಗಿರುವುದು ನೀರು, ನ್ಯಾಯವಾದ ಬೆಲೆ, ಮತ್ತು ಕಲಿಯಲು ಮುಂದೆ ಬರುವ ಒಂದಷ್ಟು ಕೈಗಳು.